ನಗರದ ದಕ್ಷತೆಯೂ ಕಣಿವೆಯ ಲೆಕ್ಕವೂ
ಹಸಿರು ತಂತ್ರಜ್ಞಾನದ ಅಧ್ಯಯನಗಳನ್ನು ಕುರಿತು ಒಂದು ವಿಮರ್ಶೆ

1

ಹಸಿರು ತಂತ್ರಜ್ಞಾನದಲ್ಲಿ ಹೊಸ ಶೋಧಗಳನ್ನು ಮಾಡುವ ನಗರಗಳು ತಮ್ಮ ಪರಿಸರವನ್ನು ಇತರ ನಗರಗಳಿಗಿಂತ ಹೆಚ್ಚು ದಕ್ಷತೆಯಿಂದ ಬಳಸಿಕೊಳ್ಳುತ್ತವೆ ಎಂಬ ಅಭಿಪ್ರಾಯವು ಈಚಿನ ವರ್ಷಗಳಲ್ಲಿ ಅರ್ಥಶಾಸ್ತ್ರ, ಭೂಗೋಳಶಾಸ್ತ್ರ ಮತ್ತು ನಿರ್ವಹಣಶಾಸ್ತ್ರಗಳ ಸಂಶೋಧನೆಯಲ್ಲಿ ಬಹುಮಟ್ಟಿಗೆ ನೆಲೆಯೂರಿದೆ. ಅನೇಕ ನಗರಗಳ ಅಂಕಿಸಂಖ್ಯೆಗಳನ್ನು ಒಟ್ಟುಗೂಡಿಸಿ, ಅವುಗಳಿಗೆ ದಕ್ಷತೆಯ ಅಂಕಗಳನ್ನು ಕೊಟ್ಟು, ಆ ಅಂಕಗಳಿಗೂ ಶೋಧಗಳ ಸಂಖ್ಯೆಗೂ ಇರುವ ಸಂಬಂಧವನ್ನು ಗಣಿತದಿಂದ ನಿರ್ಣಯಿಸುವುದು ಈ ಅಧ್ಯಯನಗಳ ಕ್ರಮ. ಚೀನಾ ದೇಶದ ನಗರಗಳನ್ನು ಕುರಿತು ಇಂತಹ ಬರೆಹಗಳು ವಿಪುಲವಾಗಿ ಬಂದಿವೆ. ಈ ಮಾದರಿಯು ನಮ್ಮ ವಿದ್ಯಾರ್ಥಿಗಳನ್ನೂ ಆಕರ್ಷಿಸುವುದು ಸಹಜವೇ ಆಗಿದೆ. ಏಕೆಂದರೆ ಅದರಲ್ಲಿ ಶಾಸ್ತ್ರದ ಶಿಸ್ತಿದೆ, ಫಲಿತಾಂಶದಲ್ಲಿ ಖಚಿತತೆಯಿದೆ, ಮತ್ತು ಆ ಫಲಿತಾಂಶವು ಕೇಳುವುದಕ್ಕೆ ಹಿತವಾಗಿಯೂ ಇದೆ.

ಹಿತವಾದ ಫಲಿತಾಂಶವನ್ನು ಎರಡು ಸಲ ಪರೀಕ್ಷಿಸುವುದು ವಿಮರ್ಶಕನ ಧರ್ಮ. ಈ ಲೇಖನದಲ್ಲಿ ನಾವು ಮಾಡಹೊರಟಿರುವುದೂ ಅಷ್ಟೇ. ಹಸಿರು ತಂತ್ರಜ್ಞಾನವು ನಿರುಪಯುಕ್ತವೆಂದು ವಾದಿಸುವುದು ನಮ್ಮ ಉದ್ದೇಶವಲ್ಲ. ನಗರವನ್ನು ಅಳೆಯುವ ಈ ಅಳತೆಗೋಲು ಸರಿಯಾದದ್ದೇ, ಅದು ಏನನ್ನು ಕಾಣುತ್ತದೆ, ಏನನ್ನು ಕಾಣದೆ ಬಿಡುತ್ತದೆ ಎಂಬುದೇ ನಮ್ಮ ಪ್ರಶ್ನೆ. ಅದಕ್ಕೆ ಉತ್ತರವನ್ನು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಜ್ಞಾನಭಾರತಿಯ ನೆರೆಯಲ್ಲಿರುವ ಉಲ್ಲಾಳದಿಂದ ಹೊರಟು, ನೀರು ಹರಿಯುವ ದಾರಿಯನ್ನೇ ಹಿಡಿದು ಹುಡುಕಬೇಕೆಂದು ನಾವು ಎಣಿಸಿದ್ದೇವೆ. ಕರಾವಳಿಯಲ್ಲಿ ಇದೇ ಹೆಸರಿನ ಇನ್ನೊಂದು ಊರು ಪ್ರಸಿದ್ಧವಾಗಿರುವುದರಿಂದ, ನಾವು ಹೇಳುತ್ತಿರುವುದು ಕೆಂಗೇರಿಗೂ ಮಲ್ಲತ್ತಹಳ್ಳಿಗೂ ಸಮೀಪವಾದ ಉಲ್ಲಾಳವನ್ನು ಎಂದು ಮೊದಲೇ ಸ್ಪಷ್ಟಪಡಿಸುವುದು ಯುಕ್ತ.

2

ವಿಮರ್ಶೆಗೆ ಮುನ್ನ ವಿಧಾನವನ್ನು ನ್ಯಾಯವಾಗಿ ವಿವರಿಸಬೇಕು. ದಕ್ಷತೆಯನ್ನು ಅಳೆಯುವ ಈ ಕ್ರಮದ ಮೂಲವು 1957ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಎಂ. ಜೆ. ಫಾರೆಲ್ ಪ್ರಕಟಿಸಿದ ಲೇಖನದಲ್ಲಿದೆ. 1978ರಲ್ಲಿ ಚಾರ್ನ್ಸ್, ಕೂಪರ್ ಮತ್ತು ರೋಡ್ಸ್ ಎಂಬ ವಿದ್ವಾಂಸರು ಅದನ್ನು ಗಣಿತದ ರೂಪಕ್ಕೆ ತಂದರು. ಅದಕ್ಕೆ ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್ ಎಂಬ ಹೆಸರು ಬಂದಿತು. ಅದರ ತತ್ತ್ವವು ಸರಳವಾದದ್ದು. ಅನೇಕ ಸಂಸ್ಥೆಗಳು ಒಂದೇ ಬಗೆಯ ಕೆಲಸ ಮಾಡುತ್ತಿರುವಾಗ, ಅತ್ಯಲ್ಪ ಸಾಧನಗಳಿಂದ ಅತ್ಯಧಿಕ ಉತ್ಪನ್ನವನ್ನು ಪಡೆಯುವ ಸಂಸ್ಥೆಗಳನ್ನು ಗುರುತಿಸಿ, ಅವುಗಳನ್ನು ಜೋಡಿಸಿ ಒಂದು ಗಡಿರೇಖೆಯನ್ನು ಎಳೆಯುವುದು. ಉಳಿದವು ಆ ರೇಖೆಯಿಂದ ಎಷ್ಟು ದೂರದಲ್ಲಿವೆ ಎಂಬುದನ್ನು ನೋಡಿ ಅಂಕ ಕೊಡುವುದು. ರೇಖೆಯ ಮೇಲಿರುವುದಕ್ಕೆ 1. ಒಳಗೆ ಉಳಿದವುಗಳಿಗೆ ಅದಕ್ಕಿಂತ ಕಡಿಮೆ.

ಮುಂದೆ ಈ ವಿಧಾನವನ್ನು ನಗರಗಳಿಗೆ ಅನ್ವಯಿಸಿದಾಗ ಕಾರ್ಮಿಕರು, ಬಂಡವಾಳ ಮತ್ತು ಇಂಧನಗಳು ಸಾಧನಗಳೆಂದು ಪರಿಗಣಿತವಾದವು. ನಗರದ ಒಟ್ಟು ಉತ್ಪತ್ತಿಯು ಫಲವಾಯಿತು. ಅದರ ಜೊತೆಗೆ ಹೊಗೆ, ಕೊಳಚೆ ನೀರು ಮುಂತಾದವುಗಳನ್ನು ‘ಬೇಡದ ಫಲ’ಗಳೆಂದು ಎಣಿಸಿ, ಅವು ಹೆಚ್ಚಿದಷ್ಟೂ ಅಂಕವನ್ನು ತಗ್ಗಿಸುವ ವ್ಯವಸ್ಥೆಯೂ ಬಂದಿತು. ಹೀಗೆ ದೊರೆತ ಅಂಕವೇ ಪರಿಸರ ದಕ್ಷತೆ. ಇನ್ನು ಹಸಿರು ಶೋಧದ ಅಳತೆ. ಸೌರಶಕ್ತಿ, ತ್ಯಾಜ್ಯ ನಿರ್ವಹಣೆ ಮುಂತಾದ ವರ್ಗಗಳಿಗೆ ಸೇರಿದ ಪೇಟೆಂಟುಗಳು ಆಯಾ ನಗರದಿಂದ ಎಷ್ಟು ಬಂದಿವೆ ಎಂದು ಎಣಿಸುವುದೇ ಅದಕ್ಕೆ ರೂಢಿಯಾಗಿರುವ ಮಾರ್ಗ. ಕೊನೆಯದಾಗಿ, ಒಂದು ನಗರದ ಶೋಧವು ನೆರೆಯ ನಗರದ ಅಂಕವನ್ನೂ ಏರಿಸುತ್ತದೆಯೇ ಎಂಬುದನ್ನು ಪರೀಕ್ಷಿಸುವುದುಂಟು.

ಈ ವಿಧಾನದ ಗುಣಗಳನ್ನು ಮರೆಮಾಚಬಾರದು. ಉತ್ಪತ್ತಿಯೊಂದನ್ನೇ ನೋಡಿ ನಗರವನ್ನು ಹೊಗಳುತ್ತಿದ್ದ ಹಳೆಯ ಪದ್ಧತಿಗಿಂತ ಇದು ಎಷ್ಟೋ ಮೇಲು. ಹೊಗೆಗೂ ಕೊಳಚೆಗೂ ಮಾರುಕಟ್ಟೆಯ ಬೆಲೆಯಿಲ್ಲದಿದ್ದರೂ ಅವನ್ನು ಲೆಕ್ಕಕ್ಕೆ ತರಲು ಇದು ದಾರಿ ಮಾಡಿಕೊಟ್ಟಿತು. ನೆರೆಯ ನಗರದ ಮೇಲಿನ ಪರಿಣಾಮವನ್ನು ಕೇಳಬೇಕೆಂಬ ವಿವೇಕವೂ ಅದರಲ್ಲಿದೆ. ನಮ್ಮ ಆಕ್ಷೇಪವಿರುವುದು ಗಣಿತದ ವಿಷಯದಲ್ಲಲ್ಲ. ಗಣಿತಕ್ಕೆ ನಾವು ಒಪ್ಪಿಸುವ ವಸ್ತುವಿನ ವಿಷಯದಲ್ಲಿ. ‘ನಗರ’ ಎಂಬುದು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ?

3

ಉಲ್ಲಾಳದ ಇತಿಹಾಸವು ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಮುಂದಿಡುತ್ತದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ರಚಿತವಾದಾಗ, ಹಳೆಯ ಪಾಲಿಕೆಯ ಜೊತೆಗೆ ಸುತ್ತಲಿನ 7 ನಗರಸಭೆಗಳೂ 1 ಪುರಸಭೆಯೂ 110 ಹಳ್ಳಿಗಳೂ ಸೇರಿದುವು. 226 ಚದರ ಕಿಲೋಮೀಟರು ಇದ್ದ ನಗರವು 700 ಚದರ ಕಿಲೋಮೀಟರಿಗೂ ಮಿಕ್ಕಿ ಬೆಳೆಯಿತು. ಅದುವರೆಗೆ ನಗರದ ಹೊರಗಿದ್ದ ಉಲ್ಲಾಳದ ಸೀಮೆಯು ನಗರದ ಒಳಗಾಯಿತು. 2025ರಲ್ಲಿ ಆ ಪಾಲಿಕೆಯೂ ಹೋಗಿ ಅದರ ಸ್ಥಾನದಲ್ಲಿ ಐದು ಪಾಲಿಕೆಗಳು ಬಂದುವು. ಈ ಬದಲಾವಣೆಗಳ ದಿನ ಉಲ್ಲಾಳದ ಕೆರೆಗೆ ಹರಿಯುವ ನೀರಿನ ಒಂದು ಹನಿಯೂ ತನ್ನ ದಾರಿಯನ್ನು ಬದಲಿಸಲಿಲ್ಲ. ಒಂದು ಚರಂಡಿಯೂ ಹೊಸದಾಗಿ ಶುದ್ಧವಾಗಲಿಲ್ಲ. ಆದರೂ ನಗರವನ್ನು ಒಂದು ಘಟಕವೆಂದು ಹಿಡಿಯುವ ಕೋಷ್ಟಕದಲ್ಲಿ ‘ಬೆಂಗಳೂರಿನ’ ಸಾಧನಗಳು, ಫಲಗಳು, ಬೇಡದ ಫಲಗಳು ಎಲ್ಲವೂ ಆ ದಿನ ಬದಲಾಗಬೇಕಾಗುತ್ತದೆ. ಆಡಳಿತದ ಆಜ್ಞೆಯಿಂದ ಬದಲಾಗುವ ಅಂಕವನ್ನು ಪರಿಸರದ ಅಂಕವೆಂದು ಕರೆಯಬಹುದೇ?

ಆಡಳಿತದ ಗಡಿ ಹೀಗೆ ಚಲಿಸುತ್ತಿರಲು, ನೆಲದ ಗಡಿ ಮಾತ್ರ ನಿಂತಲ್ಲೇ ನಿಂತಿದೆ. ಬೆಂಗಳೂರಿನ ನೀರು ಮುಖ್ಯವಾಗಿ ಮೂರು ಕಣಿವೆಗಳಾಗಿ ಇಳಿಯುತ್ತದೆ: ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ. ಉಲ್ಲಾಳವು ವೃಷಭಾವತಿಯ ಕಣಿವೆಗೆ ಸೇರಿದ್ದು. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಈ ನದಿ ಹುಟ್ಟಿತೆಂದು ಜನರ ನಂಬಿಕೆ. ಹೆಸರು ಬಂದದ್ದೂ ಆ ಬಸವನಿಂದಲೇ. ಮಲ್ಲೇಶ್ವರದ ಕಡೆಯಿಂದ ಇನ್ನೊಂದು ಕವಲು ಬರುತ್ತದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಕಾಲುವೆಗಳನ್ನೂ ಪೀಣ್ಯದ ಕೈಗಾರಿಕಾ ಪ್ರದೇಶದ ಒಂದು ಭಾಗದ ನೀರನ್ನೂ ಕೂಡಿಸಿಕೊಂಡು, ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಾಲಯವನ್ನು ಹಾದು, ಜ್ಞಾನಭಾರತಿಯ ಬಳಿಯಿಂದ ಕೆಂಗೇರಿಗೆ ಬಂದು, ಅಲ್ಲಿಂದ ಮುಂದೆ ಬಿಡದಿಯ ಸೀಮೆಯ ಬೈರಮಂಗಲದ ಜಲಾಶಯವನ್ನು ಇದು ಸೇರುತ್ತದೆ. ಆಮೇಲೆ ಅರ್ಕಾವತಿ, ಅಲ್ಲಿಂದ ಸಂಗಮದಲ್ಲಿ ಕಾವೇರಿ.

ಬೈರಮಂಗಲದ ಜಲಾಶಯವನ್ನು 1940ರ ದಶಕದಲ್ಲಿ ಕಟ್ಟಿದ್ದು ಗದ್ದೆಗಳಿಗೆ ನೀರುಣಿಸುವುದಕ್ಕಾಗಿ. ಅದು ಮಳೆಯ ನೀರನ್ನು ನೆಚ್ಚಿ ಕಟ್ಟಿದ ಜಲಾಶಯ. ನಗರ ಬೆಳೆದಂತೆ ಅದಕ್ಕೆ ಬರತೊಡಗಿದ್ದು ವರ್ಷದ ಹನ್ನೆರಡು ತಿಂಗಳೂ ಬತ್ತದ ಕೊಳಚೆ ನೀರು. ಅಲ್ಲಿನ ರೈತರಲ್ಲಿ ಅನೇಕರು ಭತ್ತ ಕಬ್ಬುಗಳನ್ನು ಬಿಟ್ಟು ಮೇವಿನ ಹುಲ್ಲು, ಹಿಪ್ಪುನೇರಳೆ, ಎಳೆಯ ಮುಸುಕಿನ ಜೋಳಗಳಿಗೆ ತಿರುಗಿದರು. ಈ ಬದಲಾವಣೆಯನ್ನು ಬರಿಯ ನಷ್ಟದ ಕಥೆಯಾಗಿ ಹೇಳುವುದು ಸರಿಯಲ್ಲ. ನೀರು ಎಂದೂ ನಿಲ್ಲದಿರುವುದು, ಅದರಲ್ಲಿ ಗೊಬ್ಬರದ ಸತ್ತ್ವವಿರುವುದು ಬೇಸಾಯಗಾರನಿಗೆ ಒಂದು ಬಗೆಯ ಅನುಕೂಲವೇ. ಆದರೆ ಆ ನೀರಿನೊಡನೆ ನೊರೆ, ದುರ್ವಾಸನೆ, ಕಾರ್ಖಾನೆಗಳ ಲೋಹಾಂಶಗಳೂ ಬರುತ್ತವೆ. ಬಾವಿಯ ನೀರು ಕುಡಿಯಲು ಬಾರದಂತಾಗುತ್ತದೆ. ಅನುಕೂಲವಾಗಲಿ ಅನನುಕೂಲವಾಗಲಿ, ಅದು ಉಂಟಾದದ್ದು ಮೇಲಿನ ನಗರದ ಬಾಳಿನಿಂದ. ಇದನ್ನು ಯಾವ ಕೋಷ್ಟಕದಲ್ಲಿ ಬರೆಯಬೇಕು?

ನಗರಗಳ ಕೋಷ್ಟಕದಲ್ಲಿ ಬರೆಯುವಂತಿಲ್ಲ. ಏಕೆಂದರೆ ಬೈರಮಂಗಲವು ನಗರವಲ್ಲ. ನೆರೆಯ ನಗರದ ಮೇಲಿನ ಪರಿಣಾಮವನ್ನು ಪರೀಕ್ಷಿಸುತ್ತೇವೆಂದು ಹೇಳುವ ಅಧ್ಯಯನಗಳಲ್ಲಿಯೂ ಅದಕ್ಕೆ ಒಂದು ಸಾಲು ಸಿಕ್ಕುವುದಿಲ್ಲ. ಆ ಅಧ್ಯಯನಗಳಲ್ಲಿ ನೆರೆ ಎಂದರೆ ಇನ್ನೊಂದು ನಗರ. ನಡುವಣ ಹಳ್ಳಿಗಳು ಖಾಲಿ ಜಾಗ. ನಮ್ಮ ಮುಖ್ಯ ಆಕ್ಷೇಪ ಇಲ್ಲಿದೆ.

4

ಈ ಆಕ್ಷೇಪದ ತೂಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ತೋರಿಸಬಹುದು. ಎರಡು ನಗರಗಳಿವೆ ಎಂದಿಟ್ಟುಕೊಳ್ಳೋಣ. ಎರಡರ ಉತ್ಪತ್ತಿಯೂ 100. ಎರಡರ ಕೊಳಚೆಯೂ 20. ಮೊದಲನೆಯ ನಗರವು ಶುದ್ಧೀಕರಣ ಘಟಕವನ್ನು ಕಟ್ಟಿ 10ರಷ್ಟನ್ನು ನಿಜವಾಗಿಯೂ ಶುದ್ಧಗೊಳಿಸುತ್ತದೆ. ಎರಡನೆಯ ನಗರವು ಅಗಲವಾದ ಒಂದು ಕೊಳವೆಯನ್ನು ಹಾಕಿಸಿ 10ರಷ್ಟನ್ನು ತನ್ನ ಎಲ್ಲೆಯ ಆಚೆಗೆ ಬಿಡುತ್ತದೆ. ಎಲ್ಲೆಯೊಳಗೆ ಅಳೆದರೆ ಎರಡರಲ್ಲಿಯೂ ಉಳಿದ ಕೊಳಚೆ 10. ಕೊಳವೆಗೆ ತಗಲಿದ ಬಂಡವಾಳವು ಘಟಕದ ಬಂಡವಾಳಕ್ಕಿಂತ ಕಡಿಮೆಯಾಗಿದ್ದರೆ, ಅಲ್ಪ ಸಾಧನದಿಂದ ಅದೇ ಫಲವನ್ನು ಪಡೆದ ಎರಡನೆಯ ನಗರವೇ ಹೆಚ್ಚು ದಕ್ಷವೆಂದು ಗಣಿತವು ತೀರ್ಪು ಕೊಡುತ್ತದೆ. ಗಣಿತದಲ್ಲಿ ತಪ್ಪಿಲ್ಲ, ಆದರೂ ತೀರ್ಪು ತಲೆಕೆಳಗಾಗಿದೆ.

ಇದಕ್ಕೆ ಒಂದು ಸಮಾಧಾನವನ್ನು ಹೇಳುವವರುಂಟು. ಎಲ್ಲ ನಗರಗಳೂ ಅಷ್ಟಿಷ್ಟು ಕೊಳೆಯನ್ನು ಹೊರಕ್ಕೆ ಕಳುಹಿಸುತ್ತವೆ, ನೂರಾರು ನಗರಗಳನ್ನು ಒಟ್ಟಿಗೆ ನೋಡಿದಾಗ ಈ ದೋಷಗಳು ಒಂದನ್ನೊಂದು ಕಳೆದುಕೊಂಡು ಮುಖ್ಯ ಸಂಬಂಧವು ಉಳಿಯುತ್ತದೆ ಎಂಬುದು ಅವರ ವಾದ. ದೋಷಗಳು ಎತ್ತಲೆಂದರತ್ತ ಚೆದರಿದ್ದರೆ ಈ ಮಾತನ್ನು ನಾವು ಒಪ್ಪಬಹುದಾಗಿತ್ತು. ಆದರೆ ಅವು ಚೆದರಿಲ್ಲ. ಒಂದೇ ದಿಕ್ಕಿಗೆ ವಾಲಿವೆ. ಯಾವ ನಗರದಲ್ಲಿ ವಿಜ್ಞಾನ ಸಂಸ್ಥೆಗಳೂ ಬಂಡವಾಳವೂ ವಿದ್ಯಾವಂತರೂ ಹೆಚ್ಚಾಗಿರುವರೋ ಆ ನಗರದಲ್ಲಿ ಪೇಟೆಂಟುಗಳು ಹೆಚ್ಚು. ದೂರದ ನದಿಯಿಂದ ನೀರನ್ನು ತರಿಸಿಕೊಳ್ಳುವ, ದೂರದ ಸ್ಥಾವರದಿಂದ ವಿದ್ಯುತ್ತನ್ನು ಪಡೆಯುವ, ಕಸವನ್ನು ಊರಾಚೆಗೆ ಸಾಗಿಸುವ ಸಾಮರ್ಥ್ಯವೂ ಅದೇ ನಗರಕ್ಕೆ ಹೆಚ್ಚು. ಹಾಗಿರುವಾಗ ಶೋಧಗಳ ಸಂಖ್ಯೆ ಏರಿದಂತೆ ದಕ್ಷತೆಯ ಅಂಕವೂ ಏರುವುದು ಶೋಧದ ಫಲವೋ, ಸಾಗಿಸುವ ಸಾಮರ್ಥ್ಯದ ಫಲವೋ? ಎರಡೂ ಒಂದೇ ನಗರದಲ್ಲಿ ಒಟ್ಟಿಗೆ ವಾಸಿಸುತ್ತಿರುವುದರಿಂದ ಕೋಷ್ಟಕವು ಅವನ್ನು ಬೇರ್ಪಡಿಸಲಾರದು. ಸಂಬಂಧವು ಸುಳ್ಳೆಂದು ನಾವು ಹೇಳುತ್ತಿಲ್ಲ. ಅದು ಸಿದ್ಧವಾಗಿಲ್ಲವೆಂದು ಹೇಳುತ್ತಿದ್ದೇವೆ.

ಬೆಂಗಳೂರಿನ ಅನುಭವದಲ್ಲಿ ಈ ಸಾಮರ್ಥ್ಯಕ್ಕೆ ಉದಾಹರಣೆಗಳು ಸಾಕಷ್ಟಿವೆ. ನಗರದ ಕಸವು ಬಹುಕಾಲ ಮಾವಳ್ಳಿಪುರ, ಮಂಡೂರು ಎಂಬ ಹಳ್ಳಿಗಳಲ್ಲಿ ಬೆಟ್ಟವಾಗಿ ಬೆಳೆಯಿತು. ಹಳ್ಳಿಗರ ದೀರ್ಘ ಪ್ರತಿಭಟನೆಯ ಫಲವಾಗಿ ಮಾವಳ್ಳಿಪುರದಲ್ಲಿ 2012ರಲ್ಲಿಯೂ ಮಂಡೂರಿನಲ್ಲಿ 2014ರಲ್ಲಿಯೂ ಕಸ ಸುರಿಯುವುದು ನಿಂತಿತು. ಆ ವರ್ಷಗಳಲ್ಲಿ ನಗರದೊಳಗಿನ ಬೀದಿಗಳನ್ನು ಮಾತ್ರ ಅಳೆದವರಿಗೆ ಮಂಡೂರು ಕಾಣಿಸುತ್ತಿರಲಿಲ್ಲ. ಅದನ್ನು ಕಾಣಿಸಿದವರು ರಸ್ತೆಗೆ ಬಂದು ಲಾರಿಗಳನ್ನು ತಡೆದ ಜನರು.

5

ಇನ್ನು ಶೋಧದ ಅಳತೆಯನ್ನು ವಿಚಾರಿಸೋಣ. ಪೇಟೆಂಟುಗಳ ಎಣಿಕೆಯು ಒಂದು ನಗರದ ಬುದ್ಧಿಶಕ್ತಿಗೆ ಗುರುತಾಗಬಹುದು. ಆ ಬುದ್ಧಿಯು ನೆಲಕ್ಕಿಳಿದಿದೆಯೇ ಎಂಬುದಕ್ಕೆ ಅದು ಗುರುತಲ್ಲ. ಕರ್ನಾಟಕದಲ್ಲಿ ಜನಜೀವನವನ್ನು ನಿಜವಾಗಿ ಮುಟ್ಟಿದ ಹಸಿರು ತಂತ್ರಗಳನ್ನು ನೆನೆದರೆ ಈ ಅಂತರವು ವಿಶದವಾಗುತ್ತದೆ.

ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ ಎಂಬ ವಿಭಾಗವು ಗ್ರಾಮಗಳಿಗೆ ಉಚಿತವಾದ ತಂತ್ರಗಳನ್ನು ರೂಪಿಸಿತು. ಅಲ್ಲಿಂದ ಬಂದ ಅಸ್ತ್ರ ಒಲೆಯು ನಮ್ಮ ಹಳ್ಳಿಗಳಲ್ಲಿ ಮನೆಮಾತಾಯಿತು. ಕಡಿಮೆ ಸೌದೆಯಲ್ಲಿ ಅಡುಗೆಯಾಗುವುದು, ಹೊಗೆಯು ಕೊಳವೆಯ ಮೂಲಕ ಹೊರಹೋಗಿ ಹೆಂಗಸರ ಕಣ್ಣು ಶ್ವಾಸಕೋಶಗಳು ಉಳಿಯುವುದು, ಇದಕ್ಕಿಂತ ಮಿಗಿಲಾದ ಪರಿಸರ ದಕ್ಷತೆ ಯಾವುದು? ಆದರೆ ಒಲೆಯ ಗುಣವಿರುವುದು ಅದನ್ನು ಕಟ್ಟುವ ಕೈಯ ಕೌಶಲದಲ್ಲಿ. ಪೇಟೆಂಟುಗಳ ಪಟ್ಟಿಯಿಂದ ಅದನ್ನು ಅಳೆಯಲು ಬಾರದು.

ಬೆಂಗಳೂರಿನ ಮನೆಗಳ ಮೇಲೆ ಕಾಣುವ ಸೌರ ನೀರುಕಾಯಿಸುವ ಯಂತ್ರಗಳು ಇನ್ನೊಂದು ಉದಾಹರಣೆ. ಉಲ್ಲಾಳದ ಹೊಸ ಬಡಾವಣೆಗಳಲ್ಲಿ ನಡೆದು ಹೋಗುವವರು ತಲೆಯೆತ್ತಿದರೆ ಸಾಕು, ಇವು ಸಾಲುಸಾಲಾಗಿ ಕಾಣುತ್ತವೆ. ಇವು ಹೀಗೆ ಹರಡಿದ್ದು ಹೊಸ ಶೋಧದ ಬಲದಿಂದಲ್ಲ, ತಂತ್ರವು ಹಳೆಯದು. ವಿದ್ಯುತ್ ಬಿಲ್ಲಿನಲ್ಲಿ ದೊರೆತ ರಿಯಾಯಿತಿ, 2007ರಲ್ಲಿ ಸರ್ಕಾರವು ನಿಗದಿಯಾದ ಅಳತೆಯ ಮನೆಗಳಿಗೆ ಇದನ್ನು ಕಡ್ಡಾಯ ಮಾಡಿದ ಆಜ್ಞೆ, ಊರಿನಲ್ಲಿಯೇ ಬೆಳೆದ ತಯಾರಕರು ಮತ್ತು ರಿಪೇರಿ ಬಲ್ಲ ಪ್ಲಂಬರುಗಳು, ಇವರೆಲ್ಲ ಸೇರಿ ಅದನ್ನು ಹರಡಿದರು.

ಮೂರನೆಯದು ಮಳೆಕೊಯ್ಲು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿಗಳಾಗಿದ್ದ ಎ. ಆರ್. ಶಿವಕುಮಾರ್ ಅವರು 1995ರಲ್ಲಿ ವಿಜಯನಗರದಲ್ಲಿ ಕಟ್ಟಿಸಿದ ಮನೆಯು ಮಳೆಯ ನೀರನ್ನೇ ನೆಮ್ಮಿ ನಡೆದು ಬಂದಿರುವುದು ಪ್ರಸಿದ್ಧವಾಗಿದೆ. ಈ ತಂತ್ರದ ಶಕ್ತಿಯನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. 30×40 ಅಡಿಯ ನಿವೇಶನದಲ್ಲಿ 1,000 ಚದರ ಅಡಿಯ, ಎಂದರೆ ಸುಮಾರು 93 ಚದರ ಮೀಟರಿನ ಛಾವಣಿಯಿದೆ ಎನ್ನೋಣ. ಬೆಂಗಳೂರಿನ ವಾರ್ಷಿಕ ಮಳೆಯನ್ನು ಸರಾಸರಿ 970 ಮಿಲಿಮೀಟರು ಎಂದು ಹಿಡಿದರೆ ಆ ಛಾವಣಿಯ ಮೇಲೆ ಬೀಳುವ ನೀರು ಸುಮಾರು 90,000 ಲೀಟರು. ಐದರಲ್ಲೊಂದು ಪಾಲು ವ್ಯರ್ಥವಾದರೂ 72,000 ಲೀಟರು ಉಳಿಯುತ್ತದೆ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರ ಸಂಸಾರಕ್ಕೆ ಇದು ನಾಲ್ಕು ತಿಂಗಳಿಗೂ ಮಿಕ್ಕಿ ಸಾಕಾಗುತ್ತದೆ. 2009ರಲ್ಲಿ ಜಲಮಂಡಳಿಯ ಕಾಯಿದೆಯನ್ನು ತಿದ್ದಿ, 60×40 ಅಡಿ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳ ಹಳೆಯ ಮನೆಗಳಿಗೂ 30×40 ಅಡಿ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳ ಹೊಸ ಮನೆಗಳಿಗೂ ಮಳೆಕೊಯ್ಲನ್ನು ಕಡ್ಡಾಯ ಮಾಡಲಾಯಿತು. ಒಂದು ಶೋಧಕ್ಕೂ ಒಂದು ನಗರದ ಅಭ್ಯಾಸಕ್ಕೂ ನಡುವೆ ಕಾಯಿದೆ, ಕೆಲಸಗಾರ, ಗೃಹಸ್ಥನ ಶ್ರದ್ಧೆ ಎಂಬ ಮೂರು ಮೆಟ್ಟಿಲುಗಳಿವೆ. ಪೇಟೆಂಟನ್ನು ಎಣಿಸುವವರು ಮೊದಲ ಮೆಟ್ಟಿಲಿಗೂ ಮುಂಚೆಯೇ ನಿಂತುಬಿಡುತ್ತಾರೆ.

ಯಂತ್ರವನ್ನು ಸ್ಥಾಪಿಸಿದ ಮಾತ್ರಕ್ಕೆ ಅದು ಕೆಲಸ ಮಾಡಿತೆಂದು ಭಾವಿಸುವುದೂ ಇದೇ ಜಾತಿಯ ತಪ್ಪು. ವೃಷಭಾವತಿಯ ಕಣಿವೆಯಲ್ಲಿ ಮೈಸೂರು ರಸ್ತೆಯ ಬಳಿ ದಿನಕ್ಕೆ 18 ಕೋಟಿ ಲೀಟರು ಸಾಮರ್ಥ್ಯದ ಶುದ್ಧೀಕರಣ ಘಟಕವಿದೆ, ಮೈಲಸಂದ್ರದಲ್ಲಿ 7.5 ಕೋಟಿ ಲೀಟರಿನದು ಇದೆ. ಇವು ಸಾಮರ್ಥ್ಯದ ಅಂಕಗಳು. ಒಳಚರಂಡಿಗೆ ಸೇರದೆ ನೇರವಾಗಿ ರಾಜಕಾಲುವೆಗೆ ಇಳಿದ ಕೊಳಚೆಯು ಘಟಕದ ಬಾಗಿಲನ್ನೇ ಕಾಣದೆ ನದಿಗೆ ಹೋಗುತ್ತದೆ. ಘಟಕವು ಎಷ್ಟೇ ಆಧುನಿಕವಾಗಿರಲಿ, ಅದರ ಬಾಗಿಲಿಗೆ ಬಾರದ ನೀರನ್ನು ಅದು ಶುದ್ಧ ಮಾಡಲಾರದು.

6

ಕಣಿವೆಯ ಲೆಕ್ಕವು ನೀರಿನ ವಿಷಯಕ್ಕೆ ಮಾತ್ರ ಸೀಮಿತವೆಂದು ವಾಚಕರು ಭಾವಿಸಬಾರದು. ಗಾಳಿಯ ವಿಷಯದಲ್ಲಿಯೂ ಗಡಿಯ ಪ್ರಶ್ನೆ ಇದ್ದೇ ಇದೆ. 2021ರಲ್ಲಿ ಮೆಟ್ರೋ ರೈಲು ಮೈಸೂರು ರಸ್ತೆಯಿಂದ ಕೆಂಗೇರಿಯವರೆಗೆ ಬಂದಿತು. ಅದೇ ವರ್ಷದ ಕೊನೆಯಲ್ಲಿ ನಗರ ಸಾರಿಗೆ ಸಂಸ್ಥೆಯು ವಿದ್ಯುತ್ ಬಸ್ಸುಗಳನ್ನು ಓಡಿಸಲಾರಂಭಿಸಿತು. ಬೀದಿಯ ಹೊಗೆ ಇದರಿಂದ ಕಡಿಮೆಯಾಗುವುದು ನಿಸ್ಸಂದೇಹ. ಡೀಸೆಲ್ ಯಂತ್ರಕ್ಕಿಂತ ವಿದ್ಯುತ್ ಮೋಟಾರು ಇಂಧನವನ್ನು ಸಾರ್ಥಕವಾಗಿ ಬಳಸುತ್ತದೆಂಬುದೂ ನಿಜ. ಆದರೆ ಆ ವಿದ್ಯುತ್ತು ಬರುವ ಜಾಲಕ್ಕೆ ಶರಾವತಿಯ ನೀರೂ ಪಾವಗಡದ ಬಿಸಿಲೂ ಸೇರಿದಂತೆ, ಕೃಷ್ಣೆಯ ದಡದ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲೂ ಸೇರಿದೆ. ಅಲ್ಲಿನ 1,720 ಮೆಗಾವಾಟ್ ಸ್ಥಾವರದ ಹಾರುಬೂದಿಯು ರಾಯಚೂರಿನ ಸೀಮೆಯ ಪಾಲು. ಬೆಂಗಳೂರಿನ ಅಂಕದಲ್ಲಿ ಬಸ್ಸು ಬರುತ್ತದೆ, ಬೂದಿ ಬರುವುದಿಲ್ಲ.

ಕಾವೇರಿಯ ನೀರೂ ಹಾಗೆಯೇ. 1974ರಲ್ಲಿ ಮೊದಲನೆಯ ಹಂತದಿಂದ ಆರಂಭವಾದ ಯೋಜನೆಯ ಐದನೆಯ ಹಂತವು 2024ರ ಅಕ್ಟೋಬರಿನಲ್ಲಿ ಉದ್ಘಾಟಿತವಾಯಿತು. ಉಲ್ಲಾಳದಂತೆ 2007ರಲ್ಲಿ ನಗರಕ್ಕೆ ಸೇರಿದ ಸೀಮೆಗಳ 110 ಹಳ್ಳಿಗಳನ್ನು ಉದ್ದೇಶಿಸಿದ ಈ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರು. ಸುಮಾರು 100 ಕಿಲೋಮೀಟರು ದೂರದಿಂದ, ನೂರಾರು ಮೀಟರು ಎತ್ತರಕ್ಕೆ ಪಂಪು ಮಾಡಿ ತರುವ ನೀರು ಇದು. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ 80 ಭಾಗ ಕೊಳಚೆಯಾಗಿ ಹೊರಬೀಳುತ್ತದೆಂದು ಎಂಜಿನಿಯರರು ಲೆಕ್ಕ ಹಿಡಿಯುವರು. ಆ ಪ್ರಕಾರ ಈ ಹಂತವೊಂದೇ ಪೂರ್ಣವಾಗಿ ಹರಿದಾಗ ದಿನಕ್ಕೆ 62 ಕೋಟಿ ಲೀಟರು ಕೊಳಚೆಯನ್ನು ಮೂರು ಕಣಿವೆಗಳಿಗೆ ಹೊಸದಾಗಿ ಕೂಡಿಸುತ್ತದೆ. ನೀರು ತರುವ ತಂತ್ರಕ್ಕೂ ನೀರು ಕಳುಹಿಸುವ ತಂತ್ರಕ್ಕೂ ಒಂದೇ ಲೆಕ್ಕದ ಪುಸ್ತಕ ಇರಬೇಕಾದ ಅವಶ್ಯಕತೆ ಇದರಿಂದ ಸ್ಪಷ್ಟವಾಗುತ್ತದೆ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷಕ್ಕೆ ಬಲವಾದ ಒಂದು ನಿದರ್ಶನವನ್ನೂ ನಾವೇ ಕೊಡಬೇಕು. 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ, ದಿನಕ್ಕೆ 44 ಕೋಟಿ ಲೀಟರಿನ ಯೋಜನೆಯು ಕಾರ್ಯಾರಂಭ ಮಾಡಿತು. ಬರದಿಂದ ಬಳಲಿದ ಆ ಜಿಲ್ಲೆಯ ಕೆರೆಗಳು ತುಂಬಿದವು. ಅಂತರ್ಜಲವು ಮೇಲೆ ಬಂದಿತು. ಇಲ್ಲಿ ನಗರವು ಹೊರಕ್ಕೆ ಕಳುಹಿಸಿದ್ದು ಬರಿಯ ಹೊರೆಯಾಗಲಿಲ್ಲ. ಆದರೆ ಆ ವರ್ಷವೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಕಾಣಿಸಿಕೊಂಡು, ವಿಷಯವು ನ್ಯಾಯಾಲಯಗಳಿಗೆ ಹೋಯಿತು. ಎರಡನೆಯ ಹಂತದ ಸಂಸ್ಕರಣದ ಮೇಲೆ ಮೂರನೆಯ ಹಂತವೂ ಬೇಕೆಂಬ ಕೂಗು ಎದ್ದಿತು. ಇದರಿಂದ ಎರಡು ಸಂಗತಿಗಳು ತಿಳಿದುಬರುತ್ತವೆ. ಒಳ್ಳೆಯ ತಂತ್ರದಿಂದ ಕೆಳಗಿನವರಿಗೆ ಉಪಕಾರವಾಗಬಲ್ಲುದು. ಮತ್ತು ಅದು ಉಪಕಾರವೇ ಅಲ್ಲವೇ ಎಂಬ ತೀರ್ಪನ್ನು ಕೊಡಬೇಕಾದ ಸ್ಥಳ ಕೆಳಗಿನ ಕೆರೆ. ಕೋಲಾರದ ಲಾಭವನ್ನೂ ಬೈರಮಂಗಲದ ಕಷ್ಟವನ್ನೂ ಸಮವಾಗಿ ಬಿಟ್ಟುಬಿಡುವ ಅಳತೆಯು ಹಸಿರು ತಂತ್ರಜ್ಞಾನಕ್ಕೆ ಶತ್ರುವೂ ಆಗಿದೆ. ನಿಜವಾದ ಸಾಧನೆಗೆ ಸಲ್ಲಬೇಕಾದ ಗೌರವವನ್ನೂ ಅದು ಸಲ್ಲಿಸುವುದಿಲ್ಲ.

7

ಹಾಗಾದರೆ ಏನು ಮಾಡಬೇಕು? ಅಂಕಿಸಂಖ್ಯೆಗಳು ದೊರೆಯುವುದು ಪಾಲಿಕೆ ಮತ್ತು ಜಿಲ್ಲೆಗಳ ಲೆಕ್ಕದಲ್ಲಿಯೇ ಎಂಬುದು ಸಂಶೋಧಕರ ನಿಜವಾದ ಕಷ್ಟ. ಅದನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೂ ಮೂರು ತಿದ್ದುಪಡಿಗಳು ಸಾಧ್ಯವೆಂದು ನಮ್ಮ ಅಭಿಪ್ರಾಯ.

ಮೊದಲನೆಯದಾಗಿ, ನೀರಿಗೆ ಸಂಬಂಧಿಸಿದ ಮಟ್ಟಿಗಾದರೂ ಘಟಕವು ನಗರವಾಗಿರದೆ ಕಣಿವೆಯಾಗಿರಬೇಕು. ವೃಷಭಾವತಿಯ ಕಣಿವೆಯನ್ನು ಒಂದು ಘಟಕವೆಂದು ಹಿಡಿದರೆ ಉಲ್ಲಾಳ, ಕೆಂಗೇರಿ, ಬೈರಮಂಗಲಗಳು ಒಂದೇ ಸಾಲಿನಲ್ಲಿ ಬರುತ್ತವೆ. ಒಂದರ ಹೊರೆಯನ್ನು ಇನ್ನೊಂದಕ್ಕೆ ದಾಟಿಸಿ ಅಂಕ ಗಳಿಸಲು ಅವಕಾಶವಿರುವುದಿಲ್ಲ. ಎರಡನೆಯದಾಗಿ, ಶೋಧವನ್ನು ಪೇಟೆಂಟಿನಿಂದ ಎಣಿಸುವುದರ ಜೊತೆಗೆ ಬಳಕೆಯಿಂದಲೂ ಅಳೆಯಬೇಕು. ಎಷ್ಟು ಛಾವಣಿಗಳಲ್ಲಿ ಮಳೆಕೊಯ್ಲು ನಡೆಯುತ್ತಿದೆ, ಘಟಕದ ಸಾಮರ್ಥ್ಯದಲ್ಲಿ ಎಷ್ಟು ಪಾಲು ದಿನವೂ ಕೆಲಸಮಾಡುತ್ತಿದೆ, ಎಷ್ಟು ಮನೆಗಳು ಒಳಚರಂಡಿಗೆ ಸೇರಿವೆ ಎಂಬುವು ಬೆಡಗಿಲ್ಲದ ಪ್ರಶ್ನೆಗಳು. ಆದರೆ ಉತ್ತರವಿರುವುದು ಅವುಗಳಲ್ಲಿಯೇ. ಮೂರನೆಯದಾಗಿ, ಆಡಳಿತದ ಎಲ್ಲೆ ಬದಲಾದ ವರ್ಷಗಳಲ್ಲಿ ಅಂಕವನ್ನು ಹಳೆಯ ಎಲ್ಲೆಗೂ ಹೊಸ ಎಲ್ಲೆಗೂ ಬೇರೆಬೇರೆಯಾಗಿ ಕೊಡಬೇಕು. ಬೆಂಗಳೂರಿನ ಮಟ್ಟಿಗೆ 2007 ಮತ್ತು 2025 ಅಂತಹ ವರ್ಷಗಳು.

ಈ ಕೆಲಸದ ಒಂದು ಭಾಗವು ನಮ್ಮ ಕಾಲೇಜುಗಳ ಕೈಗೆಟುಕುವಂತಹದು. ಜ್ಞಾನಭಾರತಿಯ ಸುತ್ತಲೂ ಇರುವ ಕಾಲೇಜುಗಳ ವಿದ್ಯಾರ್ಥಿಗಳಿಗೆ ವೃಷಭಾವತಿಯು ದೂರದ ವಿಷಯವಲ್ಲ. ಅನೇಕರು ಅದನ್ನು ದಿನವೂ ದಾಟಿಯೇ ತರಗತಿಗೆ ಬರುತ್ತಾರೆ. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಉಲ್ಲಾಳದ ಕೆರೆಯಿಂದ ಬೈರಮಂಗಲದ ತೂಬಿನವರೆಗೆ ಗೊತ್ತಾದ ಸ್ಥಳಗಳಲ್ಲಿ, ಬೇಸಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆದು ಬರೆದಿಟ್ಟರೆ, ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಅದೇ ಸ್ಥಳಗಳಲ್ಲಿ ಬೆಳೆ ಮತ್ತು ಬಾವಿಗಳ ಲೆಕ್ಕವನ್ನು ತೆಗೆದರೆ, ಹತ್ತು ವರ್ಷಗಳಲ್ಲಿ ಯಾವ ಪೇಟೆಂಟುಗಳ ಪಟ್ಟಿಯೂ ಹೇಳಲಾರದ ಸಂಗತಿಯನ್ನು ಆ ದಾಖಲೆ ಹೇಳಬಲ್ಲುದು. ಅಂತಹ ದಾಖಲೆಯಿಂದ ನಗರದ ಸಾಧನೆಯೂ ಹೊರಬೀಳಬಹುದು, ವೈಫಲ್ಯವೂ ಹೊರಬೀಳಬಹುದು. ಎರಡಕ್ಕೂ ಸಿದ್ಧವಾಗಿರುವುದೇ ಸಂಶೋಧನೆ.

ನಮ್ಮ ನಾಡಿನ ಕೆರೆಗಳ ವ್ಯವಸ್ಥೆಯಲ್ಲಿ ಈ ತತ್ತ್ವವು ಹೊಸದೇನೂ ಅಲ್ಲ. ಒಂದು ಕೆರೆಯ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಯದಾಗುತ್ತಿತ್ತು. ಆದಕಾರಣ ಮೇಲಿನ ಊರಿನ ನಡತೆಯನ್ನು ಕೆಳಗಿನ ಊರು ವಿಚಾರಿಸುತ್ತಿತ್ತು. ತೂಬನ್ನು ಎತ್ತಿ ಇಳಿಸುವ ನೀರುಗಂಟಿಯ ಕೆಲಸವು ಸರಿಯಾಗಿದೆಯೇ ಎಂದು ನೋಡಲು ಜನರು ತೂಬಿನ ಬಳಿ ನಿಲ್ಲುತ್ತಿರಲಿಲ್ಲ, ಕಾಲುವೆಯ ಕೊನೆಯ ಗದ್ದೆಗೆ ಹೋಗಿ ನೋಡುತ್ತಿದ್ದರು. ನಗರಗಳ ಪರಿಸರ ದಕ್ಷತೆಯನ್ನು ಕುರಿತು ಬರೆಯುವ ನಮ್ಮ ವಿದ್ಯಾರ್ಥಿಗಳೂ ಕೋಷ್ಟಕವನ್ನು ಮುಗಿಸುವುದಕ್ಕೆ ಮೊದಲು ಒಮ್ಮೆ ಬೈರಮಂಗಲಕ್ಕೆ ಹೋಗಿ ಬರಲಿ ಎಂಬುದು ನಮ್ಮ ಸೂಚನೆ.